ಮೊದಲ ದಮ್ಮು

ದೊಡ್ಡ ಮನುಷ್ಯರ ಚಟವನ್ನು ಯಾರೂ ಚಟ ಅನ್ನುವುದಿಲ್ಲ, ಅಭಿರುಚಿ ಅನ್ನುತ್ತಾರೆ. ನಾವು ನೀವು ಮೂಲೆಯಂಗಡಿಯ ಮುಂದೆ ನಿಂತು ಹೊಗೆ ಬಿಟ್ಟರೆ ಹಾಳಾಗಿ ಹೋದ ಅಂತ ನೆಂಟರೆಲ್ಲ ತಲೆ ಮೇಲೆ ಕೈಹೊತ್ತು ಕೂರುತ್ತಾರೆ. ಅದೇ ಹೊಗೆಯನ್ನು ಅವರು ಮೆತ್ತನೆಯ ಕುರ್ಚಿಗೆ ಒರಗಿ ಬಿಟ್ಟರೆ ಪಟ ತೆಗೆದು, ಕಟ್ಟು ಹಾಕಿಸಿ, ಶಾಲೆಯ ಗೋಡೆಗೆ ತೂಗುಹಾಕುತ್ತಾರೆ. ಆ ದೇಶವನ್ನಾಳುತ್ತಿದ್ದವರ ಕೈಯಲ್ಲಿ ಸದಾ ಒಂದು ಸಿಗಾರ್ ಇರುತ್ತಿತ್ತು. ಅಂಚೆ ಚೀಟಿಯಲ್ಲೂ ಇತ್ತು, ಚೌಕದಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯ ಬೆರಳ ಸಂದಿಯಲ್ಲೂ ಇತ್ತು. ಮಕ್ಕಳು ಅವರ ಚಿತ್ರ ಬರೆಯುವಾಗ ಮೊದಲು ಸಿಗಾರ್ ಬರೆದು ಆಮೇಲೆ ಮೂಗು ಬರೆಯುತ್ತಿದ್ದವು. ಹೆಸರು ಹಿಡಿದು ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ‘ದೊಡ್ಡವರು’ ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು.

ಆದರೆ ಆ ಸಿಗಾರನ್ನು ಅವರಿಗಿಂತ ಮೊದಲು ಬಾಯಿಗಿಡುತ್ತಿದ್ದವನೊಬ್ಬನಿದ್ದ. ಅವನ ಪಟ ಯಾವ ಗೋಡೆಯ ಮೇಲೂ ಇಲ್ಲ. ಬೀದಿಯವರು ಅವನನ್ನು ದಮ್ಮಣ್ಣ ಅನ್ನುತ್ತಿದ್ದರು. ಮೊದಲ ದಮ್ಮು ಎಳೆಯುವವನು, ಅದಕ್ಕೇ ದಮ್ಮಣ್ಣ. ಕರೆದು ಹಲ್ಲು ಕಿರಿಯುತ್ತಿದ್ದರು, ಅವನು ತಿರುಗಿ ನೋಡಿದರೆ ಹಲ್ಲು ಮುಚ್ಚಿಕೊಳ್ಳುತ್ತಿದ್ದರು. ಏಕೆಂದರೆ ಅವನು ದೊಡ್ಡವರ ಬಂಗಲೆಯ ಒಳಗೆ ಹೋಗಿ ಬರುವವನು. ಯಾರ ಮಾತು ಎಲ್ಲಿ ಹೋಗಿ ಬೀಳುತ್ತದೋ ಯಾರಿಗೆ ಗೊತ್ತು?

ತಮಾಷೆ ಏನೆಂದರೆ, ಈ ಮನುಷ್ಯ ಬಂಗಲೆ ಸೇರುವವರೆಗೆ ಬೀಡಿಯನ್ನೂ ಮುಟ್ಟಿದವನಲ್ಲ. ಸಿಗಾರ್ ಕಾರ್ಖಾನೆಯಲ್ಲಿ ಎಲೆ ವಿಂಗಡಿಸುವ ಕೆಲಸ ಅವನದು. ದಿನವಿಡೀ ಹೊಗೆಸೊಪ್ಪಿನ ರಾಶಿಯ ನಡುವೆ ಕೂತು, ದಪ್ಪದ್ದು ಒಂದು ಕಡೆ, ತೆಳ್ಳಗಿನದು ಒಂದು ಕಡೆ, ತೂತು ಬಿದ್ದದ್ದು ಇನ್ನೊಂದು ಕಡೆ ಹಾಕುತ್ತಿದ್ದ. ಸಂಜೆ ಮನೆಗೆ ಹೋದಾಗ ಅವನ ಅಂಗಿ ಕೊಡವಿದರೆ ಪಕ್ಕದ ಮನೆಯ ಬೆಕ್ಕು ಸೀನುತ್ತಿತ್ತು. ಅವನ ಹೆಂಡತಿ ಅದೇ ಕಾರ್ಖಾನೆಯಲ್ಲಿ ಸಿಗಾರ್ ಸುತ್ತುವವಳು. ಸಾಲು ಮೇಜುಗಳ ಹೆಂಗಸರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು. ಅವಳ ಕೈಯಲ್ಲಿ ಎಲೆ ಮಾತು ಕೇಳುತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ದೊಡ್ಡವರ ಸಿಗಾರ್ ಇನ್ನಾರೂ ಸುತ್ತಕೂಡದು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ಅಲ್ಲಿಂದಲೇ ಅವರ ಗ್ರಹಚಾರ ಶುರುವಾದದ್ದು.

ಒಂದು ದಿನ ಬಂಗಲೆಯ ಕಾವಲು ಸಾಹೇಬ ಕಾರ್ಖಾನೆಗೆ ಬಂದ. ತೆಳ್ಳಗಿನ ಮನುಷ್ಯ, ಬೂಟಿನ ಸದ್ದಾಗದ ಹಾಗೆ ನಡೆಯುತ್ತಿದ್ದ. ಅವನು ಬಂದದ್ದು ಕಂಡು ಸುತ್ತುವ ಕೋಣೆಯಲ್ಲಿ ಒಂದೊಂದೇ ಕೈ ನಿಂತಿತು.

“ದೊಡ್ಡೋರ ಸಿಗಾರ್ ಸುತ್ತೋದು ಯಾರು?”

ಮೇಸ್ತ್ರಿ ಅವಳ ಕಡೆ ಬೊಟ್ಟು ಮಾಡಿದ.

“ಗಂಡ ಇದಾನಾ?”

“ಇದಾರೆ ಸಾಹೇಬ್ರೇ. ಅಲ್ಲೇ, ಎಲೆ ಕೋಣೇಲಿ.”

“ಚೆನ್ನಾಗಿದೀರಾ ಇಬ್ಬರೂ? ಜಗಳಗಿಗಳ ಇಲ್ವಲ್ಲ?”

ಅವಳಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. “ಇಲ್ಲ ಸಾಹೇಬ್ರೇ,” ಅಂದಳು.

“ಹಾಗಾದ್ರೆ ಒಳ್ಳೇದೇ ಆಯ್ತು. ಇನ್ಮೇಲೆ ನೀನು ಸುತ್ತಿದ್ದನ್ನ ಮೊದಲು ನಿನ್ನ ಗಂಡ ಸೇದಿ ನೋಡ್ತಾನೆ. ಆಮೇಲೆ ದೊಡ್ಡೋರು. ಯಾರಾದ್ರೂ ಬಂದು ನಿನ್ನ ಕಿವಿ ಕಚ್ಚಿ, ಇದರೊಳಗೆ ಒಂದು ಚಿಟಿಕೆ ಏನಾದ್ರೂ ಬೆರೆಸು ಅಂದ್ರೆ, ನಿನ್ನ ಗಂಡನ ಮುಖ ಜ್ಞಾಪಿಸ್ಕೋ. ಅಷ್ಟೇ.” ಹೇಳಿ ನಕ್ಕ. ತನ್ನ ಉಪಾಯಕ್ಕೆ ತಾನೇ ಖುಷಿಪಟ್ಟು ನಕ್ಕ. ಪಾಪಿ! ಬೇರೆ ಯಾರೂ ನಗಲಿಲ್ಲ.

ಹೀಗೆ ದಮ್ಮಣ್ಣ ಬಂಗಲೆ ಸೇರಿದ. ಮೊದಲ ದಿನ ಕೆಮ್ಮಿ ಕೆಮ್ಮಿ ಕಣ್ಣು ಗುಡ್ಡೆ ಹೊರಗೆ ಬರುವ ಹಾಗಾಯಿತು. ವಾಂತಿ ಗಂಟಲಿಗೆ ಬಂತು, ನುಂಗಿಕೊಂಡ. ಎಷ್ಟು ದಿನ ಕಳೆದರೂ ಅವನಿಗೆ ಅದು ರುಚಿಸಲಿಲ್ಲ. ಜನ ಅಷ್ಟೊಂದು ದುಡ್ಡು ಸುಟ್ಟು ಈ ಹೊಲಸನ್ನು ಯಾಕೆ ಎಳೆದುಕೊಳ್ಳುತ್ತಾರೋ ಎಂದು ಸಾಯುವವರೆಗೂ ಅವನಿಗೆ ಅರ್ಥವಾಗಲಿಲ್ಲ.

ಕೆಲಸ ನೋಡಿದರೆ ಏನೂ ಅಲ್ಲ. ಮಹಡಿಯ ಮೇಲಿನ ಹೊಗೆ ಕೋಣೆ; ಹಸಿರು ರತ್ನಗಂಬಳಿ, ಎತ್ತರದ ಕಿಟಕಿಗಳು, ಗೋಡೆಗೆ ಒತ್ತಿಟ್ಟ ಚರ್ಮದ ಕುರ್ಚಿಗಳು. ಊಟವಾದ ಮೇಲೆ ದೊಡ್ಡವರು ಅಲ್ಲಿಗೆ ಬಂದು ಕೂರುತ್ತಿದ್ದರು. ಸಿಗಾರ್ ಹಳೆಯದಾದಷ್ಟೂ ಒಳ್ಳೆಯದು ಎಂದು ತಿಳಿದವರೆಲ್ಲ ಹೇಳುತ್ತಾರೆ. ದೊಡ್ಡವರಿಗೆ ಮಾತ್ರ ಅವತ್ತು ಬೆಳಿಗ್ಗೆ ಸುತ್ತಿದ್ದು ಅವತ್ತೇ ಬೇಕು, ಎಲೆಯ ಪಸೆ ಆರಿರಬಾರದು. ಅವರ ನಾಲಿಗೆ, ಅವರಿಷ್ಟ. ದಮ್ಮಣ್ಣ ಹಿತ್ತಾಳೆ ತಟ್ಟೆಯ ಮೇಲಿನ ಪೆಟ್ಟಿಗೆಯಿಂದ ಒಂದು ಸಿಗಾರ್ ಎತ್ತಿ, ತುದಿ ಕತ್ತರಿಸಿ, ಹೊತ್ತಿಸಿ, ಬೆರಳ ಗೆಣ್ಣಿನಷ್ಟು ಬೂದಿಯಾಗುವವರೆಗೆ ಎಳೆಯಬೇಕು. ಅಷ್ಟು ಹೊತ್ತೂ ಕಾವಲು ಸಾಹೇಬ ಎದುರು ನಿಂತು ಅವನ ಕಣ್ಣು, ತುಟಿ, ಬೆರಳು ನೋಡುತ್ತಿರುತ್ತಾನೆ. ಬೆವರು ಬಂತೇ? ಕೈ ನಡುಗಿತೇ? ಏನೂ ಆಗದಿದ್ದರೆ ಬಿಳಿ ಬಟ್ಟೆಯಲ್ಲಿ ತುದಿ ಒರೆಸಿ ದೊಡ್ಡವರ ಕೈಗೆ ಕೊಡಬೇಕು.

“ಊರೆಲ್ಲ ಅವರ ಎಂಜಲಿಗೆ ಕಾಯುತ್ತೆ, ಅವರು ನನ್ನ ಎಂಜಲಿಗೆ ಕಾಯ್ತಾರೆ ನೋಡೇ,” ಎಂದು ಒಮ್ಮೆ ಮನೆಯಲ್ಲಿ ಹೆಂಡತಿಯ ಕಿವಿಯಲ್ಲಿ ಹೇಳಿದ್ದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಮರುಕ್ಷಣ ಎದ್ದುಹೋಗಿ ಬಾಗಿಲ ಅಗುಳಿ ಹಾಕಿದೆಯೇ ನೋಡಿ ಬಂದಳು.

ಆ ಕೋಣೆಯಲ್ಲಿ ಅವನು ನೋಡದ ದೊಡ್ಡ ಮನುಷ್ಯರಿಲ್ಲ. ಎದೆ ತುಂಬ ಪದಕ ತೂಗುಹಾಕಿಕೊಂಡ ದಂಡನಾಯಕನೊಬ್ಬ ಸಕ್ಕರೆ ಅಚ್ಚುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗಿಳಿಸುತ್ತಿದ್ದ. ಮನೆಯಲ್ಲಿ ಹೆಂಡತಿ ಕೊಡುತ್ತಿರಲಿಲ್ಲವಂತೆ. ಹೊಗೆಸೊಪ್ಪಿನಿಂದ ದೇಶ ಕೆಡುತ್ತಿದೆ ಎಂದು ಊರೂರು ತಿರುಗಿ ಭಾಷಣ ಮಾಡುತ್ತಿದ್ದ ಪಂಡಿತನೊಬ್ಬ ಪರದೆಯ ಹಿಂದೆ ನಿಂತು ಪುಸುಪುಸು ಸೇದುತ್ತಿದ್ದ, ಮುಗಿದ ಮೇಲೆ ಏಲಕ್ಕಿ ಜಗಿಯುತ್ತಿದ್ದ. ಇದನ್ನೆಲ್ಲ ನೋಡಿ ಇನ್ನೊಬ್ಬನಾಗಿದ್ದರೆ ಉಪ್ಪುಖಾರ ಹಚ್ಚಿ ಊರಿಗೆಲ್ಲ ಹಂಚುತ್ತಿದ್ದ. ದಮ್ಮಣ್ಣ ಬಾಯಿಗೆ ಬೀಗ ಹಾಕಿಕೊಂಡಿದ್ದ. ಚಹಾದವನಿಗಾದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಚಹಾದವನೂ ಇವನಂಥವನೇ. ದೊಡ್ಡವರ ಚಹಾವನ್ನು ಮೊದಲು ಕುಡಿದು ಕೊಡುವವನು. ಒಂದು ದಿನ ಒಂದು ಗುಟುಕು ಕುಡಿದು ಮುಖ ಹಿಂಡಿದ. ಅಷ್ಟೇ, ಇನ್ನೇನೂ ಮಾಡಲಿಲ್ಲ, ಮಾತೂ ಆಡಲಿಲ್ಲ. ಕಾವಲು ಸಾಹೇಬ ಚಿಟಿಕೆ ಹೊಡೆದ. ಚಹಾದವನು, ಕೆಟಲು ಮುಟ್ಟಿದವರು, ತೊಳೆದವರು, ಒಲೆಯ ಮೇಲಿಟ್ಟವರು, ಎಲ್ಲರನ್ನೂ ಕಿಟಕಿಯಿಲ್ಲದ ಗಾಡಿಯೊಂದಕ್ಕೆ ಹತ್ತಿಸಿದರು. ಪಾತ್ರೆ ತೊಳೆಯುವ ಹೆಂಗಸು ಕೈಯ ಸಾಬೂನು ನೊರೆಯನ್ನೂ ಒರೆಸಿಕೊಂಡಿರಲಿಲ್ಲ. ಮುಂದೊಂದು ದಿನ ಕಾವಲು ಸಾಹೇಬ ಹೊಸ ಕೆಟಲನ್ನು ತಟ್ಟಿ ನೋಡುತ್ತ, “ತುಕ್ಕಂತೆ, ಹಳೇದರ ತಳದಲ್ಲಿ ಬರೀ ತುಕ್ಕಂತೆ,” ಅಂದ. ಗಾಡಿ ಹತ್ತಿದವರ ಸುದ್ದಿಯನ್ನು ಅವನೂ ಎತ್ತಲಿಲ್ಲ, ಬೇರೆಯವರೂ ಕೇಳಲಿಲ್ಲ. ಅವರು ಯಾರೂ ವಾಪಸ್ಸು ಬರಲಿಲ್ಲ.

ಆವತ್ತಿನಿಂದ ದಮ್ಮಣ್ಣ ಕನ್ನಡಿಯ ಮುಂದೆ ನಿಂತು ಮುಖ ಅಲ್ಲಾಡದ ಹಾಗೆ ಇಟ್ಟುಕೊಳ್ಳುವುದನ್ನು ಕಲಿತ. ಅವನು ಮುಖ ಹಿಂಡಿದರೆ ಗಾಡಿ ನೇರ ಹೋಗಿ ನಿಲ್ಲುವುದು ಕಾರ್ಖಾನೆಯ ಬಾಗಿಲಲ್ಲಿ, ಮೊದಲು ಹತ್ತುವವಳು ಅವನ ಹೆಂಡತಿ. ಈ ಒಂದು ಭಯವನ್ನು ಅವನು ಅಂಗಿಯ ಹಾಗೆ ಬೆಳಿಗ್ಗೆ ತೊಟ್ಟುಕೊಂಡು ಹೋಗುತ್ತಿದ್ದ. ಅವಳ ಭಯ ಇನ್ನೊಂದು ಬಗೆಯದು. ಪ್ರತಿಯೊಂದು ಎಲೆಯನ್ನೂ ಬೆಳಕಿಗೆ ಹಿಡಿದು, ಮೂಸಿ, ಮತ್ತೆ ಮೂಸಿ ಸುತ್ತುತ್ತಿದ್ದಳು. ಬೇರೆಯವರು ಏನಾದರೂ ಮಾಡಿಟ್ಟಿದ್ದರೆ? ಸಂಜೆ ಅವನು ಬಾಗಿಲಿಗೆ ಬಂದ ಕೂಡಲೇ ಗಲ್ಲ ಹಿಡಿದು ಕಣ್ಣು ನೋಡುತ್ತಿದ್ದಳು. “ತಲೆ ಸುತ್ತಲ್ವಲ್ಲ? ಹೊಟ್ಟೆ ಸರಿ ಇದೆಯಲ್ಲ?” ಎಂದು ಕೇಳಿದ ಮೇಲೇ ಒಳಗೆ ಬಿಡುತ್ತಿದ್ದುದು.

ಸುತ್ತುವವರ ಒಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಸಿಗಾರಿನ ಮೇಲೆ ಕೊನೆಯ ಎಲೆ ಸುತ್ತಿ ಬಾಯಿಗಿಡುವ ತುದಿಗೆ ಬಂದಾಗ ಅದು ಬಿಚ್ಚಿಕೊಳ್ಳದ ಹಾಗೆ ಅಂಟಿಸಬೇಕು. ಹೆಂಗಸರೆಲ್ಲ ನಾಲಿಗೆಯ ತುದಿಯಿಂದ ಸುಯ್ ಎಂದು ಒಮ್ಮೆ ಸವರಿ ಹೆಬ್ಬೆರಳಲ್ಲಿ ಒತ್ತಿಬಿಡುತ್ತಾರೆ. ಚಿಕ್ಕಂದಿನಿಂದ ಬಂದ ರೂಢಿ, ಕಣ್ಣು ರೆಪ್ಪೆ ಬಡಿದ ಹಾಗೆ ತಾನಾಗಿ ಆಗುತ್ತದೆ. ದೊಡ್ಡವರ ಸಿಗಾರಿಗೆ ಮಾತ್ರ ನಾಲಿಗೆ ಮುಟ್ಟಿಸುವಂತಿಲ್ಲ. ಹಿಟ್ಟು ಕಾಯಿಸಿ ಮಾಡಿದ ಅಂಟನ್ನು ಬಟ್ಟಲಲ್ಲಿಟ್ಟು ಬೆರಳಿನಿಂದ ಹಚ್ಚಬೇಕು. ಕಾವಲು ಸಾಹೇಬನ ಕಟ್ಟಪ್ಪಣೆ.

ಆ ವರ್ಷ ಚಳಿಗೆ ಅವಳಿಗೆ ಕೆಮ್ಮು ಹಿಡಿಯಿತು. ಚಳಿ ಹೋಯಿತು, ಕೆಮ್ಮು ಹೋಗಲಿಲ್ಲ. ಜ್ವರ ಬರುತ್ತಿತ್ತು, ಬಿಡುತ್ತಿತ್ತು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ ಮುಖ ಸಪ್ಪಗೆ ಮಾಡಿಕೊಂಡರು.

“ಎದೆ ಕೆಟ್ಟಿದೆಯಮ್ಮ. ಎಲೆ ಧೂಳೂ ಒಳ್ಳೇದಲ್ಲ, ಹೊಗೆಯಂತೂ ನಿಮಗೆ ವಿಷ. ಅದರ ಹತ್ತಿರಾನೂ ಸುಳೀಬೇಡಿ. ಕೆಲಸ ಬಿಡೋಕಾಗುತ್ತಾ?”

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಅವಳು ಕೆಲಸ ಬಿಟ್ಟರೆ ದೊಡ್ಡವರ ಸಿಗಾರ್ ಸುತ್ತುವವರಾರು? ಯಾಕೆ ಬಿಟ್ಟಳು ಎಂದು ಕೇಳುತ್ತಾರೆ. ಕಾಯಿಲೆ ಅಂದರೆ, ಕಾಯಿಲೆಯ ಕೈಯಲ್ಲಿ ಇಷ್ಟು ದಿನ ಸುತ್ತಿದೆಯಾ ಎಂದು ಕೇಳುತ್ತಾರೆ. “ನೋಡ್ತೀವಿ ಡಾಕ್ಟ್ರೇ,” ಎಂದು ಮಾತ್ರೆ ಬರೆಸಿಕೊಂಡು ಎದ್ದು ಬಂದರು.

ಮಾತ್ರೆ ಎಂದರೆ ಮಾತ್ರೆ! ಅಂಥ ಕಹಿ ಅವರು ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಇಡಿಯಾಗಿ ನುಂಗಲು ಅವಳಿಗೆ ಬಾರದು, ಗಂಟಲಲ್ಲಿ ಸಿಕ್ಕಿ ಉಗಿದುಬಿಡುತ್ತಿದ್ದಳು. ಹಾಗಾಗಿ ಅವನೇ ಎರಡು ಚಮಚಗಳ ನಡುವೆ ಇಟ್ಟು ಪುಡಿ ಮಾಡಿ ಕೊಡುತ್ತಿದ್ದ. ಒಮ್ಮೆ ಬೆರಳಿಗಂಟಿದ ಪುಡಿಯನ್ನು ಮರೆತು ನೆಕ್ಕಿಬಿಟ್ಟ. ಅವತ್ತು ರಾತ್ರಿ ಅನ್ನವೂ ಕಹಿ, ನೀರೂ ಕಹಿ. “ಈಗ ಗೊತ್ತಾಯ್ತಾ ನನ್ನ ಪಾಡು?” ಎಂದು ಅವಳು ನಕ್ಕು, ನಗು ಕೆಮ್ಮಾಗಿ, ಬೆನ್ನು ನೀವಿಸಿಕೊಂಡಳು.

ಪಕ್ಕದ ದೇಶದ ಮುಖ್ಯಸ್ಥರು ಬಂಗಲೆಗೆ ಊಟಕ್ಕೆ ಬರುವ ದಿನ ಅವಳ ಮೈ ಕೆಂಡದ ಹಾಗೆ ಸುಡುತ್ತಿತ್ತು. ದೊಡ್ಡವರ ಸಿಗಾರ್ ಪೆಟ್ಟಿಗೆ ಅವತ್ತು ತುಂಬಿರಬೇಕು ಎಂದು ಮೇಸ್ತ್ರಿ ಬೆಳಿಗ್ಗೆಯೇ ಆಳು ಕಳಿಸಿದ.

“ಹೋಗ್ಬೇಡ ಕಣೇ. ನಿಲ್ಲೋಕಾಗ್ತಿಲ್ಲ ನಿಂಗೆ.”

“ಹೋಗದಿದ್ರೆ ಅವರೇ ಇಲ್ಲಿಗೆ ಬರ್ತಾರೆ. ಅದು ಚೆನ್ನಾಗಿರುತ್ತಾ?” ಎಂದು ಅವಳು ತಲೆ ಬಾಚಿಕೊಂಡಳು. ಅವನು ಮಾತ್ರೆ ಪುಡಿ ಮಾಡಿ ಕಾಗದದ ಪೊಟ್ಟಣ ಕಟ್ಟಿ, ಜ್ವರ ಏರಿದಾಗ ನಾಲಿಗೆಗೆ ಹಾಕಿಕೋ ಎಂದು ಕೈಗೆ ಕೊಟ್ಟ.

ಮಧ್ಯಾಹ್ನ ಊಟ ಮುಗಿಯಿತು. ಪಟ ತೆಗೆಯುವವರು ತಮ್ಮ ಸಾಮಾನು ಹೊತ್ತುಕೊಂಡು ಕೆಳಗಿಳಿದರು. ಹೊಗೆ ಕೋಣೆಯಲ್ಲಿ ದೊಡ್ಡವರು, ಅತಿಥಿ, ಬಾಗಿಲ ಬಳಿ ಕಾವಲು ಸಾಹೇಬ, ತಟ್ಟೆಯ ಮುಂದೆ ದಮ್ಮಣ್ಣ, ಇಷ್ಟೇ ಜನ. ಅತಿಥಿ ಬಹಳ ಸರಳ ಮನುಷ್ಯ ಎಂದು ಹೆಸರಾದವರು, ಚಹಾ ಸಹ ಕುಡಿಯುವುದಿಲ್ಲವೆಂದು ಪತ್ರಿಕೆಗಳೆಲ್ಲ ಬರೆಯುತ್ತಿದ್ದವು. ಬಾಗಿಲು ಮುಚ್ಚಿದ ಕೂಡಲೇ ಒಳಜೇಬಿನಿಂದ ಬೆಳ್ಳಿಯ ನಶ್ಯದ ಡಬ್ಬಿ ತೆಗೆದು ಎರಡೂ ಮೂಗಿನ ಹೊಳ್ಳೆಗೆ ಏರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಪರಮಸುಖದಲ್ಲಿ ಸೀನಿದರು. ದೊಡ್ಡವರು ಹೊಟ್ಟೆ ಕುಲುಕಿಸಿ ನಕ್ಕು, ದಮ್ಮಣ್ಣನಿಗೆ ಕಣ್ಸನ್ನೆ ಮಾಡಿದರು.

ದಮ್ಮಣ್ಣ ಸಿಗಾರ್ ಎತ್ತಿದ, ತುದಿ ಕತ್ತರಿಸಿದ, ಹೊತ್ತಿಸಿದ. ಮೊದಲ ದಮ್ಮು ಎಳೆದ.

ಕಹಿ.

ಹೊಗೆಯ ಕಹಿಯಲ್ಲ, ಎಲೆಯ ಕಹಿಯಲ್ಲ. ತುಟಿ ತಗಲಿದ ಕಡೆ, ಕತ್ತರಿಸಿದ ತುದಿಯ ಕೆಳಗೆ ಸುತ್ತು ಅಂಟಿಸಿದ ಜಾಗದಲ್ಲಿ, ಒಂದೇ ಕಡೆ. ಆ ಕಹಿ ಅವನಿಗೆ ಗೊತ್ತಿತ್ತು. ಅವನೇ ಚಮಚದಲ್ಲಿ ಅರೆದು ಕೊಟ್ಟದ್ದು. ನಡೆದದ್ದೆಲ್ಲ ಎದುರೇ ಕಂಡ ಹಾಗಾಯಿತು: ಜ್ವರದಲ್ಲಿ ಪುಡಿ ನಾಲಿಗೆಗೆ ಹಾಕಿಕೊಂಡಿದ್ದಾಳೆ, ತಲೆ ನೆಟ್ಟಗಿಲ್ಲ, ಅಂಟಿನ ಬಟ್ಟಲು ಪಕ್ಕದಲ್ಲಿದ್ದೂ ಹಳೆಯ ರೂಢಿಯಲ್ಲಿ ಸುಯ್ ಎಂದು ನಾಲಿಗೆ ಆಡಿಸಿಬಿಟ್ಟಿದ್ದಾಳೆ. ಅಯ್ಯೋ ಪುಣ್ಯಾತ್ಗಿತ್ತಿ, ಎಂಥ ಕೆಲಸ ಮಾಡಿಬಿಟ್ಟೆಯೇ!

ಮುಖ ಅಲ್ಲಾಡಲಿಲ್ಲ. ಕಲಿತದ್ದು ಕೈಬಿಡಲಿಲ್ಲ. ಇದನ್ನು ಹೀಗೇ ಒರೆಸಿ ಕೊಟ್ಟರೆ? ಬಟ್ಟೆಗೆ ಹೋಗುವ ಕಹಿಯಲ್ಲ ಅದು. ದೊಡ್ಡವರ ತುಟಿಗೆ ತಗಲುತ್ತದೆ, ಅವರು ಥೂ ಅನ್ನುತ್ತಾರೆ, ಗಾಡಿ ಕಾರ್ಖಾನೆಗೆ ಹೋಗುತ್ತದೆ. ಎಳೆತ ಸರಿಯಿಲ್ಲ ಎಂದು ಪಕ್ಕಕ್ಕಿಟ್ಟರೆ? ಬೇಡವೆಂದ ಸಿಗಾರ್ ಕಾವಲು ಸಾಹೇಬನ ಕೈಗೆ ಹೋಗಬೇಕು, ಅವನು ಪರೀಕ್ಷೆಗೆ ಕಳಿಸುತ್ತಾನೆ, ಅದು ಅಲ್ಲಿಯ ನಿಯಮ. ಕೈತಪ್ಪಿ ಬೀಳಿಸಿದರೆ? ಬಿದ್ದದ್ದನ್ನು ಎತ್ತಿಕೊಳ್ಳುವವನೂ ಅವನೇ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಆ ಕಿಟಕಿಯಿಲ್ಲದ ಗಾಡಿ, ಜ್ವರದ ಮೈಯಲ್ಲಿ ಅದರ ಮೆಟ್ಟಿಲು ಹತ್ತುತ್ತಿರುವ ಅವಳು.

ಉಳಿದದ್ದು ಒಂದೇ. ಅವನು ತುಟಿ ಬಿಗಿ ಮಾಡಿ ಆ ಕಹಿಯನ್ನೆಲ್ಲ ಚೀಪತೊಡಗಿದ. ಎಳೆದ, ಹೊಗೆ ಬಿಟ್ಟ, ತುದಿಯನ್ನು ಬಾಯೊಳಗೆ ತಿರುಗಿಸಿದ, ನುಂಗಿದ, ಮತ್ತೆ ಎಳೆದ. ಬೂದಿ ಗೆಣ್ಣಿನಷ್ಟಾಯಿತು. ಕಹಿ ಇನ್ನೂ ಇತ್ತು. ಬೂದಿ ಅದನ್ನೂ ದಾಟಿತು. ಕಾವಲು ಸಾಹೇಬ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ.

“ಏನಯ್ಯಾ,” ಅಂದರು ದೊಡ್ಡವರು, ಚಾಚಿದ ಕೈ ಹಾಗೇ ಇಟ್ಟುಕೊಂಡು. “ಇವತ್ತು ಕೊಡೋ ಮನಸ್ಸೇ ಇಲ್ವಾ?”

ಇಷ್ಟು ವರ್ಷಗಳಲ್ಲಿ ಅವರು ಅವನ ಜೊತೆ ಮಾತಾಡಿದ್ದು ಅದೇ ಮೊದಲು. ದಮ್ಮಣ್ಣ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

“ತಪ್ಪಾಯ್ತು ಸ್ವಾಮಿ. ರುಚಿ… ರುಚಿ ಹತ್ತಿಬಿಡ್ತು. ಆಸೆ ತಡೀಲಿಲ್ಲ.”

ಅತಿಥಿಯ ನಶ್ಯದ ಚಿಟಿಕೆ ಮೂಗಿನ ಹತ್ತಿರವೇ ನಿಂತಿತು. ಆಮೇಲೆ ದೊಡ್ಡವರು ನಕ್ಕರು. ಕೆಮ್ಮು ಬರುವಷ್ಟು ನಕ್ಕರು.

“ಕೇಳಿದ್ರಾ? ನಮ್ಮ ಬಡಪಾಯಿಗೂ ಅಭಿರುಚಿ ಬಂತು! ಸೇದಯ್ಯಾ, ಪೂರ್ತಿ ಸೇದು. ಆ ಪೆಟ್ಟಿಗೇನೂ ನೀನೇ ಇಟ್ಕೋ. ನೀನು ಆಸೆಗಣ್ಣಿಂದ ನೋಡಿದ್ದು ನನಗೆ ಬೇಡ. ಇವತ್ತಿನ ಮಟ್ಟಿಗೆ ನನಗೆ ನಿನ್ನೆ ಪೆಟ್ಟಿಗೇದೇ ಆದೀತು, ತರಿಸಿ.”

ದಮ್ಮಣ್ಣನಿಗೆ ಉಸಿರು ಬಂತು. ಪೆಟ್ಟಿಗೆಯೂ ಸಿಕ್ಕಿತು! ಅದರಲ್ಲಿ ಇನ್ನೆಷ್ಟಕ್ಕೆ ನಾಲಿಗೆ ತಗಲಿದೆಯೋ ಎಂಬ ಭಯವೂ ಅಲ್ಲಿಗೆ ತೀರಿತು. ದೇವರೇ ಕಾಪಾಡಿದ ಅಂದುಕೊಳ್ಳುವಷ್ಟರಲ್ಲಿ ಅತಿಥಿ ಇನ್ನೊಮ್ಮೆ ಸೀನಿ ಬಾಯಿ ಹಾಕಿದರು. ಅವರಿಗೇನು, ಹೊಟ್ಟೆ ತುಂಬಿತ್ತು, ಮಾತು ಬೇಕಾಗಿತ್ತು.

“ಆದ್ರೂ ಚಪಲ ಹತ್ತಿದ ನಾಲಿಗೆ ಕಾವಲಿಗೆ ಆಗಿಬರಲ್ಲ ನೋಡಿ. ಸುತ್ತೋದು ಇವನ ಹೆಂಡ್ತಿ ಅಂದ್ರಲ್ಲ ಆಗಲೇ? ಅದಲುಬದಲು ಮಾಡಿಬಿಡಿ. ಗಂಡ ಸುತ್ತಲಿ, ಹೆಂಡ್ತಿ ಸೇದಲಿ. ಹೆಂಗಸಾದ್ರೆ ಕೈಯಲ್ಲಿ ಹಿಡ್ಕೊಂಡು ಹೀಗೆ ಮೈಮರೆಯಲ್ಲ.”

“ಭಲೇ!” ಎಂದು ದೊಡ್ಡವರು ತೊಡೆ ತಟ್ಟಿದರು. “ಚೆನ್ನಾಗಿದೆ. ನಾಳೆಯಿಂದ ಹಾಗೇ ಆಗಲಿ.”

ಕಾವಲು ಸಾಹೇಬ ತಲೆಬಾಗಿ ಒಪ್ಪಿಕೊಂಡ.

ಸ್ವಾಮಿ, ಅವಳಿಗೆ ಎದೆ ಸರಿಯಿಲ್ಲ, ಹೊಗೆ ಕುಡಿದರೆ ಸತ್ತೇಹೋಗುತ್ತಾಳೆ. ಮಾತು ದಮ್ಮಣ್ಣನ ಹಲ್ಲಿನವರೆಗೆ ಬಂತು. ಆದರೆ ಎದೆ ಸರಿಯಿಲ್ಲವೆಂದರೆ ಎಂದಿನಿಂದ ಅನ್ನುತ್ತಾರೆ. ಏನು ಔಷಧಿ ಅನ್ನುತ್ತಾರೆ. ಆ ಔಷಧಿಯ ರುಚಿ ಹೇಗೆ ಎಂದು ಕೇಳುವ ಹೊತ್ತಿಗೆ ಕಾವಲು ಸಾಹೇಬನ ಕಣ್ಣು ಈ ಪೆಟ್ಟಿಗೆಯ ಮೇಲೆ ಬಿದ್ದಿರುತ್ತದೆ. ಮಾತನ್ನೂ ಕಹಿಯ ಜೊತೆಗೇ ನುಂಗಿಕೊಂಡ. ಕೈಮುಗಿದು, ಪೆಟ್ಟಿಗೆ ಎದೆಗವಚಿಕೊಂಡು ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬಂದ.

ಹಿಂದಿನ ಬಾಗಿಲವರೆಗೆ ಕಾವಲು ಸಾಹೇಬ ಜೊತೆಗೇ ಬಂದ. ಸದ್ದಿಲ್ಲದ ಆ ಬೂಟು. ಅಡುಗೆಮನೆಯ ಹಿಂದಿನ ಗೋಡೆಯ ಮರೆಗೆ ಬಂದಾಗ, “ನಿಲ್ಲು,” ಅಂದ.

ದಮ್ಮಣ್ಣ ನಿಂತ. ಮುಗಿಯಿತು ಕಥೆ, ಅಂದುಕೊಂಡ.

“ತೆಗಿ ಪೆಟ್ಟಿಗೆ.”

ತೆಗೆದ. ಸಾಹೇಬ ಆಚೀಚೆ ನೋಡಿ ಒಂದನ್ನು ಆರಿಸಿಕೊಂಡ, ಮೂಸಿದ, ತುದಿ ಹಲ್ಲಿನಲ್ಲೇ ಕಚ್ಚಿ ಉಗಿದ. “ಎಷ್ಟು ವರ್ಷದಿಂದ ನೋಡ್ತಿದೀನಿ, ಒಂದು ದಿನ ಬಾಯಿಗಿಟ್ಟಿಲ್ಲ ಗೊತ್ತಾ? ಮೂಗಿನ ಮುಂದೇನೇ ದಿನಾ ಸುಡ್ತಿರುತ್ತೆ. ನಾನೂ ಮನುಷ್ಯನೇ ಅಲ್ವೇನೋ?” ಅಂದು ಕಡ್ಡಿ ಗೀರಿದ.

ಇವನು ಕೈಗೆತ್ತಿಕೊಂಡದ್ದು ಯಾವುದು? ಅಂಟಿನದೋ, ನಾಲಿಗೆಯದೋ? ಸಾಹೇಬ ಕಣ್ಣು ಮುಚ್ಚಿ ಎಳೆದ. ಹುಬ್ಬು ಕೂಡಿತು. ನಾಲಿಗೆಯಿಂದ ತುಟಿ ಸವರಿಕೊಂಡ. ಇನ್ನೊಮ್ಮೆ ಸವರಿಕೊಂಡ.

“ಕಹಿ ಇದೆಯಲ್ಲೋ.”

ದಮ್ಮಣ್ಣ ಗೋಡೆಗೆ ಬೆನ್ನು ಕೊಟ್ಟ. ಏನು ಹೇಳುತ್ತಿದ್ದೇನೆಂದು ಅವನಿಗೇ ತಿಳಿಯದೆ ಬಾಯಿ ತೆರೆಯಿತು. “ಅದೇ ಅಲ್ವಾ ಸಾಹೇಬ್ರೇ ಮಜಾ. ಮೊದಮೊದಲು ಹಾಗೇ ಅನ್ಸುತ್ತೆ. ದೊಡ್ಡೋರ ರುಚಿ ನಮ್ಮಂಥೋರಿಗೆ ಬೇಗ ಹತ್ತಲ್ಲ.”

ಸಾಹೇಬ ಮತ್ತೊಮ್ಮೆ ಎಳೆದು, ಗಂಭೀರವಾಗಿ ತಲೆಯಾಡಿಸಿದ. ತಿಳಿಯದವನು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? “ಹೌದ್ಹೌದು. ಈಗ ಗೊತ್ತಾಗ್ತಿದೆ. ಒಂಥರಾ ಚೆನ್ನಾಗಿದೆ,” ಅಂದ. ಇನ್ನೂ ಕೆಲವನ್ನು ಒಳಜೇಬಿಗೆ ಸೇರಿಸಿಕೊಂಡ. “ಇದು ನಮ್ಮಿಬ್ಬರಲ್ಲೇ ಇರಲಿ. ನಾಳೆ ಹೆಂಡ್ತೀನ ಕಳಿಸು.”

ಮನೆಗೆ ಬಂದಾಗ ಸುದ್ದಿ ಅವನಿಗಿಂತ ಮುಂಚೆ ಬಂದು ಕೂತಿತ್ತು. ಮೇಸ್ತ್ರಿ ಹೇಳಿ ಕಳಿಸಿದ್ದ. ಅವಳು ಚಾಪೆಯ ಮೇಲೆ ಹೊದ್ದುಕೊಂಡು ಕೂತಿದ್ದಳು. ಅವತ್ತು ಗಲ್ಲ ಹಿಡಿದು ಕಣ್ಣು ನೋಡಲಿಲ್ಲ. ಅವನ ಕಂಕುಳಲ್ಲಿದ್ದ ಪೆಟ್ಟಿಗೆಯನ್ನು ನೋಡಿದಳು.

“ಮನೆಗೂ ತಂದ್ರಾ?”

ಅವನು ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟ.

“ನಿಜಾನೇನ್ರೀ? ದೊಡ್ಡೋರ ಮುಂದೆ ಕೊಡದೆ ಹಿಡ್ಕೊಂಡು ಸೇದ್ತಾ ನಿಂತ್ರಂತೆ. ಆಸೆ ತಡೀಲಿಲ್ಲ ಅಂದ್ರಂತೆ. ಯಾರೋ ಕಟ್ಟಿ ಹೇಳಿರಬೇಕು ಅಂದ್ಕೊಂಡೆ. ಹೇಳ್ರೀ, ಸುಳ್ಳು ತಾನೇ?”

ಹೇಳಿಬಿಡಲೇ? ಒಂದು ಮಾತು ಸಾಕು. ಆದರೆ ಅವಳ ಸ್ವಭಾವ ಅವನಿಗೆ ಗೊತ್ತು. ಅವಳ ಮನಸ್ಸಿನಲ್ಲಿರುವುದು ಮುಖದ ಮೇಲೆ ಬಂದುಬಿಡುತ್ತಿತ್ತು, ಅಡಗಿಸಲು ಅವಳಿಗೆ ಒಂದು ದಿನವೂ ಬಂದಿರಲಿಲ್ಲ. ನಾಳೆ ಆ ಹಸಿರು ರತ್ನಗಂಬಳಿಯ ಮೇಲೆ ನಿಂತು, ನಿನ್ನ ಗಂಡನಿಗೆ ಏನಾಗಿತ್ತು ಎಂದು ಕೇಳಿದರೆ, ತನ್ನ ನಾಲಿಗೆಯ ತಪ್ಪು ಗೊತ್ತಿದ್ದ ಹೆಂಗಸು ಕಣ್ಣು ಎಲ್ಲಿಡುತ್ತಾಳೆ? ಗೊತ್ತಿಲ್ಲದಿದ್ದರೆ ಸಿಟ್ಟು ಮಾತ್ರ ಇರುತ್ತದೆ, ಸಿಟ್ಟಿಗೆ ಯಾರೂ ಗಾಡಿ ತರಿಸುವುದಿಲ್ಲ.

“ನಿಜ ಕಣೇ,” ಅಂದ. “ತಪ್ಪಾಯ್ತು.”

ಅವಳು ಹೊದಿಕೆ ಎಳೆದುಕೊಂಡಳು. “ಡಾಕ್ಟ್ರು ಏನಂದ್ರು ಅಂತ ನೀವೂ ಕೇಳಿದ್ರಿ,” ಅಂದಳು. “ನಿಮ್ಮ ಚಪಲಕ್ಕೆ ನಾನು ಹೊಗೆ ಕುಡೀಬೇಕು.” ಗೋಡೆಯ ಕಡೆ ತಿರುಗಿ ಮಲಗಿದಳು. ಕೆಮ್ಮು ಬಂದಾಗ ಅವನು ಬೆನ್ನು ನೀವಲು ಕೈ ಚಾಚಿದ. ಅವಳು ಆ ಕೈ ತಳ್ಳಿದಳು.

ಮಾರನೆಯ ದಿನದಿಂದ ಅವನು ಅವಳ ಮೇಜಿನಲ್ಲಿ ಕೂತು, ಅವಳನ್ನು ನೋಡಿ ಕಲಿತ ಹಾಗೆ ಸುತ್ತತೊಡಗಿದ, ಅವಳು ಮಹಡಿ ಹತ್ತಿದಳು. ಅಂಟನ್ನು ಬೆರಳಿನಿಂದ ಹಚ್ಚುವಾಗ ಅವನ ಬಾಯಿ ಒಣಗಿರುತ್ತಿತ್ತು. ಮೊದಲ ಸಂಜೆ ಅವಳು ಬಂದು ಗೋಡೆ ಹಿಡಿದು ನಿಂತು, ಉಸಿರು ಹಿಡಿತಕ್ಕೆ ಬಂದ ಮೇಲೆ ಹೇಳಿದಳು: “ಸಾಹೇಬರು ಕೇಳಿದ್ರು, ಯಾವಾಗಿಂದ ನಿನ್ನ ಗಂಡನಿಗೆ ಈ ಚಪಲ ಅಂತ. ನನಗೆ ಅಳು ಬಂದುಬಿಡ್ತು. ಅವರಿಗೆ ನನ್ನ ಜೀವಕ್ಕಿಂತ ಸಿಗಾರೇ ಹೆಚ್ಚಾಯ್ತು ಸಾಹೇಬ್ರೇ ಅಂದೆ. ಅವರು ನಕ್ಕು ಸುಮ್ಮನಾದ್ರು.”

ದಮ್ಮಣ್ಣನಿಗೆ ಮೈಯೆಲ್ಲ ಹಗುರಾಯಿತು. ಸಾಹೇಬ ನಂಬಿದ್ದ, ಅವಳು ನಂಬಿದ್ದಕ್ಕೆ. ಹಾಗಾದರೆ ಅವಳು ನಂಬುತ್ತಲೇ ಇರಬೇಕು, ಒಂದು ದಿನವೂ ಅನುಮಾನ ಬರಬಾರದು. ಯಾವ ಗಳಿಗೆಯಲ್ಲಿ ಸಿಟ್ಟು ಆರಿ, ಈ ಮನುಷ್ಯ ಬೀಡಿಯನ್ನೂ ಮುಟ್ಟದವನಲ್ಲವೇ ಎಂದು ಯೋಚಿಸತೊಡಗುತ್ತಾಳೋ, ಆ ಗಳಿಗೆಗೆ ಅವನು ಹೆದರಿದ.

ಅದಕ್ಕೇ ಬೀದಿಯವರು ಅವನನ್ನು ಪ್ರತಿ ಸಂಜೆ ಮನೆಯ ಹೊರಗಿನ ಕಟ್ಟೆಯ ಮೇಲೆ ನೋಡುತ್ತಿದ್ದರು, ಮಡಿಲಲ್ಲಿ ಪೆಟ್ಟಿಗೆ, ಬೆರಳ ಸಂದಿಯಲ್ಲಿ ಸಿಗಾರ್. “ಏನ್ ದಮ್ಮಣ್ಣ, ದೊಡ್ಡ ಮನುಷ್ಯ ಆಗ್ಬಿಟ್ಯಲ್ಲ!” ಎಂದು ನಗುತ್ತ ಹೋಗುತ್ತಿದ್ದರು. ಅವನೂ ನಗುತ್ತಿದ್ದ. ಒಳಗೆ ಅವಳು ಕೆಮ್ಮುವುದು ಕೇಳಿಸುತ್ತಿತ್ತು. ಆಮೇಲೆ ಎದ್ದು ಬಂದು, ಅವನ ಮುಖವನ್ನೂ ನೋಡದೆ, ಬೀದಿಯ ಕಿಟಕಿಯನ್ನು ದಢಾರೆಂದು ಹಾಕಿಕೊಳ್ಳುತ್ತಿದ್ದಳು. ಅದು ಮುಚ್ಚುವವರೆಗೂ ಅವನು ಕಡ್ಡಿ ಗೀರುತ್ತಿರಲಿಲ್ಲ.